ಬೆರಕೆ ಸೊಪ್ಪು

ಶುಕ್ರವಾರಕ್ಕೆ ಇನ್ನು ಒಂಬತ್ತು ದಿನ.
ಕುತೈಸಿಯಿಂದ ಓಜುರ್ಗೆತಿ, ಓಜುರ್ಗೆತಿಯಿಂದ ಕುತೈಸಿ,
ದಿನಕ್ಕೆರಡರಂತೆ
ಹದಿನೆಂಟು ಸಲ ಹೋಗಿಬಂದರೆ
ಆಲ್ಬಂ ಬರುತ್ತದೆ.
ಕ್ಯಾಲೆಂಡರನ್ನು ನಂಬುವವನಲ್ಲ ನಾನು,
ಡೀಸೆಲ್ಲಿನಲ್ಲಿ ಎಣಿಸುತ್ತೇನೆ.

ಮೊದಲು ಮಾರ್ಚಿ ಅಂದರು. ಆಮೇಲೆ ದ್ರಾಕ್ಷಿ ಕೊಯ್ಲಿಗೆ ಅಂದರು.
ಆಮೇಲೆ ಡ್ರಮ್ಮಿನವನ ಮೊಣಕೈ ಮುರಿಯಿತು,
ರೆಕಾರ್ಡು ಒತ್ತುವ ಕಾರ್ಖಾನೆಯಲ್ಲಿ ಸರದಿ ತಪ್ಪಿತು.
ಹದಿನೇಳು ಜನ ತುಂಬುವ ತನಕ ಹೊರಡದ ವ್ಯಾನಿನವನಿಗೆ
ಕಾಯುವುದನ್ನು ಯಾರು ಕಲಿಸಬೇಕು?

ಬ್ಯಾಂಡಿನ ಹೆಸರು ಶಾವಿ ತುತಾ, ಕರಿ ಹಿಪ್ಪುನೇರಳೆ.
ತಿಂದೇ ಇಲ್ಲ ಅಂತ ಹೇಳಲು ಬಾಯಿ ತೆರೆದರೆ
ನಾಲಿಗೆಯೇ ಸಾಕ್ಷಿ.
ಗಿಟಾರಿನ ತೋರ್ನಿಕೆ ನನ್ನ ವ್ಯಾನಿನಲ್ಲೇ ಉದ್ದವಾದವನು.
ಒಂದು ವರ್ಷ ತೊಡೆಯ ಮೇಲೆ ಪಿಟೀಲಿನ ಪೆಟ್ಟಿಗೆ,
ಮರುವರ್ಷ ಗಿಟಾರು,
ಅದರ ಮರುವರ್ಷ ಕಪ್ಪು ಅಂಗಿ, ಎದೆಯ ಮೇಲೆ
ಮುಳ್ಳುಬೇಲಿಯಂಥ ಅಕ್ಷರ.
'ಇದನ್ನು ಓದುವುದು ಹೇಗೋ?'
'ಓದಲಿಕ್ಕಲ್ಲ ಗೋಚಾ ಮಾಮ, ಬೆದರಲಿಕ್ಕೆ.'

ಕೊನೆಯ ಸೀಟು ತ್ಸಿಯಾಲಾ ಅಜ್ಜಿಯದು.
ಕಾಲಡಿ ಚೀಸಿನ ಬಕೆಟ್ಟು, ಮಡಿಲಲ್ಲಿ ಒಂದು ಹೇಂಟೆ.
ಸುಪ್ಸಾ ಸೇತುವೆ ದಾಟಿದ್ದೇ ಗಂಟಲು ತಾನಾಗಿ ತೆರೆಯುತ್ತದೆ:
ಜೋಳದ ಹೊಲದ ಹಾಡು, ಅದರ ಮೇಲಿನ ದನಿ,
ಮೇಲೆ, ಇನ್ನೂ ಮೇಲೆ, ಹುಂಜ ನಾಚುವಷ್ಟು ಮೇಲೆ
ಮುರಿದು, ಮಡಚಿ, ಮತ್ತೆ ಮುರಿದು.
ಅದು ಗಂಡಸರ ದನಿ.
ಗಂಡ ಹೋದ ಮೇಲೆ ಅವನ ಕೊಡಲಿಯ ಜೊತೆ
ಅದನ್ನೂ ಎತ್ತಿಕೊಂಡಳು.
ಕೆಳಗಿನ ಎರಡು ದನಿಗಳು ಈಗ ಮಣ್ಣಿನಲ್ಲಿವೆ.
ಅವುಗಳ ಜಾಗ ಬಿಟ್ಟೇ ಹಾಡುತ್ತಾಳೆ,
ಯಾರೋ ಬರುವವರಿದ್ದಾರೆಂದು
ಪಕ್ಕದ ಸೀಟಿಗೆ ಕರವಸ್ತ್ರ ಹಾಕಿಟ್ಟ ಹಾಗೆ.

ತೋರ್ನಿಕೆ ಎರಡು ಚಳಿಗಾಲ ಫೋನು ಹಿಡಿದು ಕೇಳಿದ.
ಆ ಖಾಲಿ ಜಾಗದಲ್ಲಿ ಈಗ ಅವನ ಗಿಟಾರು ಕೂತಿದೆಯಂತೆ,
ಎಮ್ಮೆ ಕೆಸರಲ್ಲಿ ಕೂತ ಹಾಗೆ.
ಎಬ್ಬಿಸಿದರೂ ಏಳದಂತೆ.

ನನ್ನ ಮೆಕ್ಯಾನಿಕ್ ಒತಾರ್ ಮೆಟಲಿನಲ್ಲಿ ಮಡಿವಂತ.
'ಕಬ್ಬಿಣಕ್ಕೆ ಜೋಳದ ಹಿಟ್ಟು ಕಲಸುತ್ತಾರೇನೋ?
ಕಲಬೆರಕೆ!' ಅಂತ ಉಗುಳಿದ.
ನಾನು ಬಾನೆಟ್ಟು ಎತ್ತಿದೆ.
ಜರ್ಮನಿಯ ಇಂಜಿನ್ನು, ತುರ್ಕಿಯ ಸೈಲೆನ್ಸರು,
ಸೋವಿಯತ್ ಟ್ರ್ಯಾಕ್ಟರಿನಿಂದ ಅವನೇ ಕಿತ್ತು ಕೂರಿಸಿದ ಪಟ್ಟಿ,
ಎಡಬಾಗಿಲು ಯಾವ ಸತ್ತ ಆಂಬುಲೆನ್ಸಿನದೋ,
ಕೆಂಪು ಗೆರೆ ಇನ್ನೂ ಅಳಿಸಿಲ್ಲ.
'ಇದು ಯಾವ ಗಾಡಿ, ಹೇಳು.'
ಒತಾರ್ ಬೆರಳು ಬೆರಳೂ ಒರೆಸಿಕೊಂಡ.
'ಏರು ಹತ್ತುತ್ತದಲ್ಲ,' ಅಂದ.

ಮುಂಗಡವಾಗಿ ಬಿಟ್ಟದ್ದು ಒಂದೇ ಹಾಡು.
ಅಜ್ಜಿಗೆ ಕೇಳಿಸಿದೆ.
ಹುಡುಗ ಗರ್ಜಿಸುವ ಕಡೆ
ಹೇಂಟೆಗೆ ಕಿವಿ ಎಲ್ಲಿರಬಹುದೋ ಅಲ್ಲಿ ಅಂಗೈ ಇಟ್ಟಳು.
'ಗಂಟಲು ಕೆಟ್ಟಿದೆ ಪಾಪ, ಜೇನು ನೆಕ್ಕಿಸಿ.'
ಆಮೇಲೆ ತನ್ನ ದನಿ ಬಂತು, ಅದರಡಿಯಲ್ಲಿ ಎಮ್ಮೆ.
ಹತ್ತು ಕಿಲೋಮೀಟರು ಮಾತಿಲ್ಲ.
ಇಳಿಯುವಾಗ ಬಾಗಿಲು ಹಿಡಿದು ಅಂದಳು:
'ನಮ್ಮ ಶಾಲ್ವಾ ಶ್ರುತಿ ಇನ್ನೂ ಇಳಿಸುತ್ತಿದ್ದ.
ಆ ಹುಡುಗನಿಗೆ ಹೇಳು, ಹೆದರದೆ ಇಳಿಸಲಿ.'

ಮೊನ್ನೆ ಟೈರು ಒಡೆದು ನಿಂತಾಗ
ಎಲ್ಲರೂ ನನ್ನನ್ನು ಬೈಯುತ್ತಿದ್ದರೆ
ಆಕೆ ಚರಂಡಿಯಂಚಿನಲ್ಲಿ ಸೊಪ್ಪು ಕೀಳುತ್ತಿದ್ದಳು.
ತುರಚೆ, ಗೋಣಿ, ಮತ್ತೆ ನನಗೆ ಗೊತ್ತಿಲ್ಲದ್ದು ಎರಡು.
ಒಂದೊಂದೇ ಬೇಯಿಸಿದರೆ ದನವೂ ಮೂಸದು.
ಅಕ್ರೋಟು, ಬೆಳ್ಳುಳ್ಳಿ ಅರೆದು ಕೂಡಿಸಿದರೆ
ಜಗಳವಾಡಿದ ನೆರೆಯವನೂ ತಟ್ಟೆ ಹಿಡಿದು ಬರುತ್ತಾನೆ.
ಹಾಲಿಗೆ ನೀರು ಬೆರೆಸುವವನು ನೀರಿನ ಮಾತೇ ಎತ್ತುವುದಿಲ್ಲ.
ಈಕೆ ಒಂದೊಂದು ಎಲೆಯನ್ನೂ
ಹೆಸರು ಹಿಡಿದು ಕರೆದು ಚೀಲಕ್ಕೆ ಹಾಕಿದಳು.

ರೆಕಾರ್ಡಿಗೆ ದುಡ್ಡು ಕಟ್ಟಿದ್ದೇನೆ. ನುಡಿಸುವ ಯಂತ್ರ ಇಲ್ಲ.
ಗ್ಯಾರೇಜಿನ ಒಳಕೋಣೆಯಲ್ಲಿ ಒತಾರ್, ಮಡಿವಂತ ಒತಾರ್,
ತಾತನ ಕಾಲದ ಪ್ಲೇಯರೊಂದನ್ನು ಬಿಚ್ಚಿ ಹರಡಿಕೊಂಡಿದ್ದಾನೆ.
ಕೇಳಿದರೆ ಕೆಮ್ಮುತ್ತಾನೆ.
ಬೆಲ್ಟು ಸಿಗಲಿಲ್ಲವಂತೆ,
ನನ್ನ ವ್ಯಾನಿನ ಹಳೆಯದನ್ನೇ ಸೀಳಿ ಹಾಕುತ್ತಾನಂತೆ.
ಹಾಕಲಿ.

ಹದಿನಾರು ಜನ ಕೂತಾಯಿತು.
ಹದಿನೇಳನೆಯವರು ಇನ್ನೂ ಬಂದಿಲ್ಲ.
ಇಂಜಿನ್ನು ಆರಿಸಿಲ್ಲ ನಾನು.